ಹಬೆ ಕಂಡ ಮಾತ್ರಕ್ಕೆ ನೀರು ಕುದಿದಂತಲ್ಲ

ಶ್ರಾವಕನ ಮನೆಯಲ್ಲಿ ದಿನದ ಮೊದಲ ಕಾರ್ಯವೆಂದರೆ ನೀರನ್ನು ಸೋಸಿ ಒಲೆಯ ಮೇಲಿಡುವುದು. ಬಸದಿಯ ಭೋಜನಶಾಲೆಯಲ್ಲಿಯೂ, ತ್ಯಾಗಿಗಳ ಆಹಾರಕ್ಕೆ ಸಿದ್ಧತೆ ನಡೆಯುವ ಮನೆಯಲ್ಲಿಯೂ ಇದೇ ಕ್ರಮ. ಎಷ್ಟೋ ತಲೆಮಾರುಗಳಿಂದ ನೀರನ್ನು ವ್ರತವೆಂದು ಕಾಯಿಸುತ್ತ ಬಂದಿರುವ ಸಮಾಜಕ್ಕೆ ನೀರು ಕಾಯುವ ಬಗೆ ಇತರರಿಗಿಂತ ಚೆನ್ನಾಗಿ ತಿಳಿದಿರಬೇಕಾಗಿತ್ತು. ತಿಳಿದಿಲ್ಲ ಎಂಬುದು ಕಹಿಯಾದರೂ ಸತ್ಯ.

ಒಂದು ಕಡೆ, ಪಾತ್ರೆಯ ಬಾಯಲ್ಲಿ ಹಬೆ ಕಾಣಿಸಿದೊಡನೆಯೇ ‘ನೀರು ಕುದಿಯಿತು’ ಎಂದು ಕೆಳಗಿಳಿಸುವವರಿದ್ದಾರೆ. ಇನ್ನೊಂದು ಕಡೆ, ಹೆಚ್ಚು ಕುದಿದಷ್ಟೂ ಹೆಚ್ಚು ಶುದ್ಧವೆಂದು ಭಾವಿಸಿ, ದೊಡ್ಡ ಉರಿಯ ಮೇಲೆ ಅರ್ಧ ತಾಸು, ಮುಕ್ಕಾಲು ತಾಸು ಹಂಡೆಯನ್ನು ಕೊತಕೊತನೆ ಕುದಿಸುವವರಿದ್ದಾರೆ. ಮೊದಲಿನವರು ವ್ರತಕ್ಕೆ ಕೊರತೆ ತರುತ್ತಾರೆ. ಎರಡನೆಯವರು ವ್ರತದ ಹೆಸರಿನಲ್ಲಿ ವ್ಯರ್ಥ ಹಿಂಸೆ ಮಾಡುತ್ತಾರೆ. ಈ ಇಬ್ಬರ ನಡುವೆ ವೇದಿಕೆಯ ಮೇಲೆ ನಿಂತು, ‘ಕಾಯಿಸಿದ ನೀರಿನ ನಿಯಮವನ್ನು ವಿಜ್ಞಾನವು ಸಿದ್ಧಪಡಿಸಿಬಿಟ್ಟಿದೆ’ ಎಂದು ಘೋಷಿಸುವ ಉಪನ್ಯಾಸಕರೂ ಇದ್ದಾರೆ. ಈ ಮೂರು ತಪ್ಪುಗಳ ಮೂಲ ಒಂದೇ. ಉಷ್ಣವು ನೀರಿನಲ್ಲಿ ಏನು ಮಾಡುತ್ತದೆ, ಹಬೆ ಏಕೆ ಮೇಲೇಳುತ್ತದೆ ಎಂಬುದನ್ನು ವಿಚಾರಿಸದೆಯೇ ತೀರ್ಪು ಕೊಡುವುದು ಆ ಮೂಲ.

ಮೊದಲು ಹಬೆಯ ವಿಚಾರ. ಪಾತ್ರೆಯ ಮೇಲೆ ಬೆಳ್ಳಗೆ ಕಾಣುವುದು ನೀರಿನ ಆವಿಯಲ್ಲ. ಆವಿಗೆ ಬಣ್ಣವಿಲ್ಲ; ಅದು ಗಾಳಿಯಂತೆಯೇ ಕಣ್ಣಿಗೆ ಕಾಣದ ವಸ್ತು. ಕುದಿಯುವ ಕೆಟಲಿನ ಮೂತಿಯನ್ನು ಗಮನಿಸಿ ನೋಡಿದರೆ, ಮೂತಿಗೆ ತೀರ ಹತ್ತಿರ ಒಂದು ಬೆರಳಿನಷ್ಟು ಸ್ಥಳ ಬರಿದಾಗಿ ಕಾಣುತ್ತದೆ. ನಿಜವಾದ ಆವಿ ಇರುವುದು ಅಲ್ಲಿ. ಅದು ಮುಂದೆ ಸಾಗಿ ತಂಪಾದ ಗಾಳಿಯನ್ನು ಕೂಡಿದಾಗ ಮರಳಿ ನೀರಾಗಿ, ಅತಿ ಸಣ್ಣ ಹನಿಗಳ ರೂಪ ತಾಳುತ್ತದೆ. ಆ ಹನಿಗಳ ಗುಂಪೇ ಬಿಳಿಯ ಹಬೆ. ಸ್ವಲ್ಪ ಮೇಲೆ ಹೋದ ಬಳಿಕ ಹನಿಗಳು ಸುತ್ತಲಿನ ಗಾಳಿಯಲ್ಲಿ ಪುನಃ ಆವಿಯಾಗಿ ಮಾಯವಾಗುತ್ತವೆ. ಆಕಾಶದ ಮೋಡಕ್ಕೂ ಹಂಡೆಯ ಹಬೆಗೂ ಈ ವಿಷಯದಲ್ಲಿ ಭೇದವಿಲ್ಲ.

ಹಾಗಾದರೆ ಅದು ಮೇಲಕ್ಕೇ ಏಕೆ ಹೋಗುತ್ತದೆ? ನೀರಿನ ಅಣುವಿನ ತೂಕ 18 ಎಂದಾದರೆ, ಗಾಳಿಯ ಅಣುಗಳ ಸರಾಸರಿ ತೂಕ ಸುಮಾರು 29. ಅಂದಮೇಲೆ ಒಂದೇ ಉಷ್ಣತೆಯಲ್ಲಿಯೂ ನೀರಿನ ಆವಿಯು ಗಾಳಿಗಿಂತ ಹಗುರ. ಇದರ ಮೇಲೆ ಅದು ಬಿಸಿಯಾಗಿಯೂ ಇರುತ್ತದೆ. ಬಿಸಿಯಾದ ಅನಿಲ ಹಿಗ್ಗುತ್ತದೆ, ಹಿಗ್ಗಿದ ಅನಿಲ ಮತ್ತಷ್ಟು ಹಗುರವಾಗುತ್ತದೆ. 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಆವಿ ಸುಮಾರು 600 ಗ್ರಾಂ ತೂಗುತ್ತದೆ. ಕೋಣೆಯ ಅಷ್ಟೇ ಗಾಳಿ ಸುಮಾರು 1,200 ಗ್ರಾಂ ತೂಗುತ್ತದೆ. ಭಾರವಾದ ಗಾಳಿ ಕೆಳಗೆ ನುಗ್ಗಿ, ಹಗುರವಾದ ಆವಿಯನ್ನು ಮೇಲಕ್ಕೆ ತಳ್ಳುತ್ತದೆ. ಬಿಳಿಯ ಹನಿಗಳು ಗಾಳಿಗಿಂತ ಭಾರವಾಗಿದ್ದರೂ, ತೀರ ಸಣ್ಣವಾದ್ದರಿಂದ ಏರುವ ಬಿಸಿಗಾಳಿಯ ಜೊತೆಯಲ್ಲಿ ಒಯ್ಯಲ್ಪಡುತ್ತವೆ. ಇಲ್ಲಿ ತಾನಾಗಿ ಏರುವ ಶಕ್ತಿ ಯಾವುದೂ ಇಲ್ಲ. ಸುತ್ತಲೂ ಗಾಳಿಯೇ ಇಲ್ಲದಿದ್ದರೆ ಆವಿಯು ಮೇಲೇರದೆ ಎಲ್ಲ ದಿಕ್ಕಿಗೂ ಹರಡುತ್ತಿತ್ತು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಮುಕ್ತಜೀವದ ಊರ್ಧ್ವಗತಿಗೆ ಹಬೆಯನ್ನು ದೃಷ್ಟಾಂತವಾಗಿ ಕೊಟ್ಟು, ‘ನೋಡಿ, ಹಬೆ ಮೇಲೇರುವುದೇ ಆತ್ಮದ ಸ್ವಭಾವಕ್ಕೆ ವೈಜ್ಞಾನಿಕ ಪ್ರಮಾಣ’ ಎಂದು ಬೋಧಿಸುವ ರೂಢಿ ಬೆಳೆಯುತ್ತಿದೆ. ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯದಲ್ಲಿ ಊರ್ಧ್ವಗತಿಗೆ ಕುಂಬಾರನ ಚಕ್ರ, ಮಣ್ಣಿನ ಲೇಪ ಕಳಚಿದ ಸೋರೆಕಾಯಿ, ಔಡಲದ ಬೀಜ, ಬೆಂಕಿಯ ಜ್ವಾಲೆ ಎಂಬ ನಾಲ್ಕು ದೃಷ್ಟಾಂತಗಳಿವೆ. ಹಬೆ ಅವುಗಳಲ್ಲಿಲ್ಲ. ಇಲ್ಲದಿರುವುದು ಉಚಿತವೇ ಆಗಿದೆ. ಮೇಲೇರಿದ ಹಬೆ ಮುಚ್ಚಳಕ್ಕೆ ತಾಗಿ, ಹನಿಯಾಗಿ, ಅದೇ ಪಾತ್ರೆಗೆ ಮರಳಿ ಬೀಳುತ್ತದೆ. ಏರಿ ಇಳಿದು ಮತ್ತೆ ಕಾಯುವ ವಸ್ತುವು ಸಂಸಾರಿಗೆ ಹೋಲಿಕೆಯಾದೀತೇ ಹೊರತು ಸಿದ್ಧನಿಗಲ್ಲ. ಇಷ್ಟಕ್ಕೂ ದೃಷ್ಟಾಂತವು ದೃಷ್ಟಾಂತವೇ; ಅದನ್ನು ಪ್ರಮಾಣವೆಂದು ಮಾರುವುದು ಆಗಮಕ್ಕೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ.

ಇನ್ನು ಹಬೆಯನ್ನು ಕುದಿತದ ಗುರುತೆಂದು ನಂಬುವವರ ವಿಚಾರ. ನೀರು ಆವಿಯಾಗಲು ಕುದಿಯಲೇಬೇಕೆಂದಿಲ್ಲ. ಹಗ್ಗದ ಮೇಲೆ ಹರವಿದ ಒದ್ದೆ ಬಟ್ಟೆ ಯಾವ ಒಲೆಯೂ ಇಲ್ಲದೆ ಒಣಗುತ್ತದೆ. ನೀರಿನ ಮೇಲ್ಮೈಯಿಂದ ಆವಿ ಏಳುವುದು ಎಲ್ಲ ಉಷ್ಣತೆಯಲ್ಲಿಯೂ ನಡೆದೇ ಇರುತ್ತದೆ. ಉಷ್ಣ ಹೆಚ್ಚಿದಂತೆ ಅದರ ಪ್ರಮಾಣ ಹೆಚ್ಚುತ್ತದೆ. 60 ಡಿಗ್ರಿಯ ನೀರಿನ ಮೇಲೆಯೂ ಬಿಳಿಯ ಹಬೆ ಧಾರಾಳವಾಗಿ ಕಾಣುತ್ತದೆ. ಪುಷ್ಯ ಮಾಸದ ಚಳಿಯ ಮುಂಜಾನೆ ಸ್ನಾನದ ನೀರಿನಿಂದಲೂ ಹಬೆ ಏಳುತ್ತದೆ. ವೈಶಾಖದ ಒಣ ಮಧ್ಯಾಹ್ನ ಕುದಿಯುವ ನೀರಿನ ಮೇಲೆಯೂ ಹಬೆ ತೆಳುವಾಗಿ ಕಾಣಬಹುದು. ಅಂದಮೇಲೆ ಹಬೆಯ ದಟ್ಟಣೆಯು ನೀರಿನ ಸ್ಥಿತಿಯನ್ನು ಹೇಳುವಷ್ಟೇ ಹೊರಗಿನ ಗಾಳಿಯ ಸ್ಥಿತಿಯನ್ನೂ ಹೇಳುತ್ತದೆ. ಅದನ್ನು ನಂಬಿ ಪಾತ್ರೆ ಇಳಿಸುವವರು ಋತುವನ್ನು ನೋಡಿ ವ್ರತ ಮಾಡುತ್ತಾರೆ, ನೀರನ್ನು ನೋಡಿ ಅಲ್ಲ.

ಕುದಿತಕ್ಕೆ ತನ್ನದೇ ಆದ ಗುರುತುಗಳಿವೆ. ಒಲೆಯ ಉರಿ ತಳವನ್ನು ಕಾಯಿಸುತ್ತದೆ. ತಳದ ನೀರು ಹಿಗ್ಗಿ ಹಗುರವಾಗಿ ಮೇಲೇರುತ್ತದೆ. ಮೇಲಿನ ತಂಪು ನೀರು ಕೆಳಗಿಳಿಯುತ್ತದೆ. ಹೀಗೆ ಸುತ್ತುತ್ತ ಪಾತ್ರೆಯ ನೀರೆಲ್ಲ ಬಿಸಿಯಾಗುತ್ತದೆ. ಮೊದಲು ಪಾತ್ರೆಯ ಒಳಮೈಗೆ ಅಂಟಿಕೊಂಡಂತೆ ಸಣ್ಣ ಗುಳ್ಳೆಗಳು ಕಾಣುತ್ತವೆ. ಅವು ನೀರಿನಲ್ಲಿ ಕರಗಿದ್ದ ಗಾಳಿಯ ಗುಳ್ಳೆಗಳು, ಕುದಿತದ ಗುಳ್ಳೆಗಳಲ್ಲ. ಅನಂತರ ತಳದಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಆದರೆ ಮೇಲಿನ ನೀರು ಇನ್ನೂ ಅಷ್ಟು ಬಿಸಿಯಾಗಿರದ ಕಾರಣ ದಾರಿಯಲ್ಲಿಯೇ ಕುಗ್ಗಿ ಒಡೆಯುತ್ತವೆ. ಎಸರು ಹಾಡುವ ಸದ್ದು ಇದೇ. ಕೊನೆಗೆ ಪಾತ್ರೆಯೊಳಗಿನ ನೀರೆಲ್ಲ ಕುದಿಬಿಂದುವನ್ನು ಮುಟ್ಟಿದಾಗ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾಗುತ್ತದೆ. ಗುಳ್ಳೆಗಳು ತಳದಿಂದ ಮೇಲಿನವರೆಗೆ ಒಡೆಯದೆ ಬಂದು, ನೀರಿನ ಮೈಯನ್ನೆಲ್ಲ ಕದಡುತ್ತವೆ. ಎಸರು ಮರಳಿತು ಎಂದು ಹಿರಿಯರು ಹೇಳುತ್ತಿದ್ದುದು ಈ ಸ್ಥಿತಿಯನ್ನು. ಈ ಸ್ಥಿತಿ ಬರುವ ಮೊದಲು ಇಳಿಸಿದ ನೀರು ಬಿಸಿನೀರು ಮಾತ್ರ. ದಿಗಂಬರ ಪರಂಪರೆಯಲ್ಲಿ ಕುದಿಸಿದ ನೀರಿಗೆ ಎಂಟು ಪ್ರಹರ, ಎಂದರೆ 24 ಗಂಟೆಗಳ ಮರ್ಯಾದೆ. ಬರಿದೆ ಸೋಸಿದ ನೀರಿಗಾದರೋ ಒಂದು ಮುಹೂರ್ತ, ಎಂದರೆ 48 ನಿಮಿಷ. ಕುದಿಯದ ನೀರಿಗೆ ಕುದಿದ ನೀರಿನ ಮರ್ಯಾದೆಯನ್ನು ಕೊಟ್ಟು, ಅದನ್ನು ಮರುದಿನ ಬೆಳಗಿನವರೆಗೆ ಬಳಸುವುದು ಯಾವ ಲೆಕ್ಕ?

ಕುದಿಬಿಂದುವೂ ಎಲ್ಲೆಡೆ ಒಂದೇ ಅಲ್ಲ. ಸಮುದ್ರಮಟ್ಟದಲ್ಲಿ 100 ಡಿಗ್ರಿಯಿರುವುದು, ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಡಿಗ್ರಿಯಂತೆ ಇಳಿಯುತ್ತದೆ. ಕಾರ್ಕಳ, ಮೂಡಬಿದಿರೆಗಳಲ್ಲಿ ನೀರು ಹೆಚ್ಚು ಕಡಿಮೆ 100 ಡಿಗ್ರಿಯಲ್ಲಿಯೇ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಬೆಂಗಳೂರಿನ ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಹಾಕಿದರೂ ಶುದ್ಧ ನೀರು ಅದಕ್ಕಿಂತ ಹೆಚ್ಚು ಬಿಸಿಯಾಗದು.

ಹೆಚ್ಚು ಕುದಿಸಿದರೆ ಹೆಚ್ಚು ಶುದ್ಧವೆಂಬ ಎರಡನೆಯ ಪಕ್ಷದವರ ಭ್ರಮೆ ಒಡೆಯುವುದು ಇಲ್ಲಿಯೇ. ಕುದಿಯತೊಡಗಿದ ಮೇಲೆ ನೀರಿನ ಉಷ್ಣತೆ ಏರುವುದಿಲ್ಲ. ಹಾಗಾದರೆ ಒಲೆ ಸುರಿಯುತ್ತಿರುವ ಉಷ್ಣ ಎಲ್ಲಿ ಹೋಗುತ್ತದೆ? ಈ ಪ್ರಶ್ನೆಯನ್ನು ಸರಿಯಾಗಿ ಕೇಳಿ ಉತ್ತರ ಕಂಡವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. 1762ರಲ್ಲಿ ಗ್ಲಾಸ್ಗೋದಲ್ಲಿ ಅವನು ಒಂದು ಸರಳ ಪರೀಕ್ಷೆ ಮಾಡಿದನು. ತಣ್ಣೀರು ಕುದಿಯತೊಡಗಲು ನಾಲ್ಕು ನಿಮಿಷ ಹಿಡಿಯಿತು. ಅದೇ ಉರಿಯಲ್ಲಿ ಅಷ್ಟೂ ನೀರು ಆವಿಯಾಗಿ ಹೋಗಲು ಮತ್ತೆ 20 ನಿಮಿಷ ಹಿಡಿಯಿತು. ನೀರನ್ನು ಕುದಿತಕ್ಕೆ ತರಲು ಬೇಕಾದುದರ ಐದರಷ್ಟು ಉಷ್ಣವು, ಉಷ್ಣತೆಯನ್ನು ಕಿಂಚಿತ್ತೂ ಏರಿಸದೆ, ನೀರನ್ನು ಆವಿಯಾಗಿಸುವುದಕ್ಕೇ ವೆಚ್ಚವಾಗಿತ್ತು. ಹೀಗೆ ಅಡಗಿ ಕೂಡುವ ಉಷ್ಣಕ್ಕೆ ಗುಪ್ತೋಷ್ಣವೆಂದು ಹೆಸರು. ಇಂದಿನ ಅಳತೆಯಂತೆ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕ್ಯಾಲೊರಿ ಸಾಕು. ಕುದಿಯುವ ಅದೇ ಒಂದು ಗ್ರಾಂ ನೀರನ್ನು ಆವಿ ಮಾಡಲು ಸುಮಾರು 540 ಕ್ಯಾಲೊರಿ ಬೇಕು. ಬಿಸಿನೀರಿಗಿಂತ ಆವಿ ತಾಗಿದ ಸುಟ್ಟಗಾಯ ಘೋರವಾಗಿರುವುದು ಇದರಿಂದಲೇ: ಚರ್ಮದ ಮೇಲೆ ನೀರಾಗುವಾಗ ಆವಿಯು ಅಡಗಿಸಿಟ್ಟುಕೊಂಡ ಈ ಉಷ್ಣವನ್ನೆಲ್ಲ ಒಮ್ಮೆಗೇ ಬಿಟ್ಟುಕೊಡುತ್ತದೆ. ಕೊಪ್ಪರಿಗೆಯ ಬಳಿ ನಿಲ್ಲುವ ಅಡುಗೆಯವರ ಕೈಗೆ ಈ ಪಾಠ ಚೆನ್ನಾಗಿ ಗೊತ್ತು.

ವ್ಯಾಪಾರಿಗಳ ಸಮಾಜಕ್ಕೆ ಜಮಾಖರ್ಚಿನ ಭಾಷೆಯಲ್ಲಿ ಹೇಳಿದರೆ ಬೇಗ ಮನದಟ್ಟಾದೀತು. ಬೆಂಗಳೂರಿನ ಒಂದು ಭೋಜನಶಾಲೆಯಲ್ಲಿ ದಿನಕ್ಕೆ 20 ಲೀಟರ್ ನೀರು ಕಾಯಿಸುತ್ತಾರೆ ಎಂದಿಟ್ಟುಕೊಂಡರೆ, 25 ಡಿಗ್ರಿಯಿಂದ 97 ಡಿಗ್ರಿಗೆ ತರಲು ನೀರಿಗೆ ಸೇರಬೇಕಾದ ಉಷ್ಣ 1,440 ಕಿಲೋಕ್ಯಾಲೊರಿ. ಇದಕ್ಕೆ ಅರ್ಧ ಗಂಟೆ ಹಿಡಿಯಿತೆನ್ನಿ. ಅದೇ ಉರಿಯಲ್ಲಿ ಮತ್ತೆ ಅರ್ಧ ಗಂಟೆ ಕುದಿಸಿದರೆ ಮತ್ತೆ ಹೆಚ್ಚು ಕಡಿಮೆ 1,440 ಕಿಲೋಕ್ಯಾಲೊರಿ ಖರ್ಚು. ಜಮಾ ಏನು? ಉಷ್ಣತೆಯಲ್ಲಿ ಒಂದು ಡಿಗ್ರಿಯ ಏರಿಕೆಯೂ ಇಲ್ಲ. ಎರಡೂವರೆ ಲೀಟರಿಗೂ ಹೆಚ್ಚು ನೀರು ಹಬೆಯಾಗಿ ಕಿಟಕಿಯಿಂದ ಹೊರಗೆ ಹೋಗಿರುತ್ತದೆ. ಅಡುಗೆ ಅನಿಲದ ಒಂದು ಕಿಲೋದಲ್ಲಿ ಸುಮಾರು 11,000 ಕಿಲೋಕ್ಯಾಲೊರಿ ಇದ್ದು, ಅದರಲ್ಲಿ ನೂರಕ್ಕೆ 60ರಷ್ಟು ಪಾತ್ರೆಗೆ ತಲುಪುತ್ತದೆ ಎಂದು ಹಿಡಿದರೆ, ಈ ವ್ಯರ್ಥ ಕುದಿತಕ್ಕೆ ದಿನವೊಂದಕ್ಕೆ 220 ಗ್ರಾಂ ಅನಿಲ ಬೇಕು. ವರ್ಷಕ್ಕೆ ಅದು ಸುಮಾರು 80 ಕಿಲೋ, ಎಂದರೆ 14.2 ಕಿಲೋದ ಐದಕ್ಕೂ ಹೆಚ್ಚು ಸಿಲಿಂಡರುಗಳು. ಹಬೆಯಾಗಿ ಹೋದ ನೀರು ವರ್ಷಕ್ಕೆ ಸುಮಾರು 970 ಲೀಟರ್. ಇಂತಹ ಖಾತೆಯನ್ನು ಯಾವ ವರ್ತಕನೂ ತನ್ನ ಅಂಗಡಿಯಲ್ಲಿ ಸಹಿಸಲಾರ. ಧರ್ಮದ ಅಡುಗೆಮನೆಯಲ್ಲಿ ಮಾತ್ರ ಅದೇಕೆ ಪುಣ್ಯವಾಗಬೇಕು?

ಆದರೆ ಹಣದ ನಷ್ಟ ಇಲ್ಲಿ ಚಿಕ್ಕದು. ಜೈನ ದೃಷ್ಟಿಯಲ್ಲಿ ನೀರು ಜಲಕಾಯಿಕ ಜೀವಗಳ ಕಾಯ; ಉರಿ ಅಗ್ನಿಕಾಯಿಕ ಜೀವಗಳ ಕಾಯ. ನೀರನ್ನು ಕಾಯಿಸುವುದರಲ್ಲಿ ಹಿಂಸೆಯಿಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ. ಗೃಹಸ್ಥನಿಗೆ ಅದು ಅನಿವಾರ್ಯವಾದ ಆರಂಭ. ಮರ್ಯಾದೆಯ ಅವಧಿಯವರೆಗೆ ಮುಂದಿನ ಜೀವೋತ್ಪತ್ತಿಯನ್ನು ತಡೆಯುವ ಉದ್ದೇಶದಿಂದ, ಎಚ್ಚರಿಕೆಯಿಂದ, ಮಿತವಾಗಿ ಮಾಡಬೇಕಾದ ಕೆಲಸ. ಉದ್ದೇಶ ನೆರವೇರಿದ ಮೇಲೆಯೂ ಉರಿಸುತ್ತ ಹೋದರೆ ಅದು ಬೇರೆಯೇ ಆಗುತ್ತದೆ. ಗೃಹಸ್ಥನ ವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿ, ಭೂಮಿ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜನವಾಗಿ ಬಳಸುವುದನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಕುದಿದ ನೀರನ್ನು ಮತ್ತೆ ಅರ್ಧ ಗಂಟೆ ಕುದಿಸುವುದು ನೀರು, ಬೆಂಕಿ ಎರಡನ್ನೂ ಒಮ್ಮೆಗೇ ನಿಷ್ಪ್ರಯೋಜನವಾಗಿ ವ್ಯಯಿಸುವುದಲ್ಲದೆ ಮತ್ತೇನು? ಶುದ್ಧಿಯ ಹೆಸರಿನಲ್ಲಿ ನಡೆಯುವುದರಿಂದ ಅದರ ದೋಷ ಕಡಿಮೆಯಾಗದು.

ಇದಕ್ಕೆ ಎದುರಾಗಿ ಎರಡು ಮಾತುಗಳು ಬರುವುದುಂಟು. ‘ಹಿರಿಯರು ಹೀಗೆಯೇ ಕುದಿಸುತ್ತಿದ್ದರು’ ಎಂಬುದು ಮೊದಲನೆಯದು. ಹಿರಿಯರು ಕುದಿಸುತ್ತಿದ್ದುದು ಕಟ್ಟಿಗೆಯ ಒಲೆಯ ಮೇಲೆ. ಉರಿಯನ್ನು ಒಮ್ಮೆಗೇ ಆರಿಸುವ ಅನುಕೂಲ ಅಲ್ಲಿರಲಿಲ್ಲ; ಕೆಂಡ ಆರುವವರೆಗೆ ಪಾತ್ರೆ ಕುದಿಯುತ್ತಿತ್ತು. ಇಂದಿನ ಒಲೆಯ ತಿರುಗುಣಿ ಕೈಯಳತೆಯಲ್ಲಿದೆ. ಅನುಕೂಲ ಬದಲಾದಾಗ ಹೊಣೆಯೂ ಬದಲಾಗುತ್ತದೆ. ‘ವ್ರತದಲ್ಲಿ ಲೆಕ್ಕಾಚಾರ ಬಂದರೆ ಭಕ್ತಿ ಕೆಡುತ್ತದೆ’ ಎಂಬುದು ಎರಡನೆಯದು. ಮುಹೂರ್ತ, ಪ್ರಹರಗಳನ್ನು ಎಣಿಸಿ ನೀರಿಗೆ ಮರ್ಯಾದೆ ಕಟ್ಟಿದ ಧರ್ಮದಲ್ಲಿ ಲೆಕ್ಕವನ್ನು ಭಕ್ತಿಯ ಶತ್ರುವೆನ್ನುವುದು ವಿಚಿತ್ರ. ಎಚ್ಚರದಿಂದ ನಡೆಯುವುದೇ ಅಹಿಂಸೆಯ ಪ್ರಾಣ. ಎಚ್ಚರಕ್ಕೆ ಅಳತೆ ಬೇಕು.

ಕೊನೆಗೆ, ವಿಜ್ಞಾನವು ವ್ರತವನ್ನು ಸಿದ್ಧಪಡಿಸಿದೆಯೆಂದು ಸಾರುವ ಮೂರನೆಯ ಪಕ್ಷದವರು. ಒಂದು ಹನಿ ನೀರಿನಲ್ಲಿ 36,450 ಜೀವಿಗಳು ಸೂಕ್ಷ್ಮದರ್ಶಕದಲ್ಲಿ ಕಂಡವೆಂಬ ಸಂಖ್ಯೆ ಕಿರುಹೊತ್ತಗೆಗಳಲ್ಲಿ ಬಹುಕಾಲದಿಂದ ಸುತ್ತುತ್ತಿದೆ. ಕೆರೆಯ ಹನಿಯೋ, ಬಾವಿಯ ಹನಿಯೋ, ಮಳೆಯ ಹನಿಯೋ ಎಂದು ಕೇಳದೆ ಎಲ್ಲ ಹನಿಗೂ ಒಂದೇ ಸಂಖ್ಯೆ ಹೇಳುವುದು ಎಣಿಕೆಯಲ್ಲ. ಅದಕ್ಕಿಂತ ದೊಡ್ಡ ದೋಷ ತತ್ತ್ವದಲ್ಲಿದೆ. ನೀರಿನಲ್ಲಿ ಚಲಿಸುತ್ತ ಸೂಕ್ಷ್ಮದರ್ಶಕಕ್ಕೆ ಕಾಣುವ ಜೀವಿಗಳು ನೀರನ್ನು ಆಶ್ರಯಿಸಿದವು. ನೀರನ್ನೇ ಕಾಯವಾಗಿ ಉಳ್ಳ ಜಲಕಾಯಿಕಗಳು ಬೇರೆ. ಈ ಭೇದವನ್ನು ಪಾಠಶಾಲೆಯ ಮಕ್ಕಳಿಗೂ ಕಲಿಸಲಾಗುತ್ತದೆ. ಸೂಕ್ಷ್ಮದರ್ಶಕವು ಜಲಕಾಯಿಕಗಳನ್ನು ಸಿದ್ಧಪಡಿಸಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಅದು ಅದರ ಕೆಲಸವೇ ಅಲ್ಲ.

ಆರೋಗ್ಯದ ಮಾತೂ ಹೀಗೆಯೇ. ಹಾಲನ್ನು ರೋಗಾಣುಗಳಿಂದ ಕಾಪಾಡಲು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದರೆ ಸಾಕೆಂಬುದು ಡೇರಿಗಳ ಕ್ರಮ. ಕುಡಿಯುವ ನೀರನ್ನು ಚೆನ್ನಾಗಿ ಮರಳುವ ಸ್ಥಿತಿಗೆ ತರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಆ ಸ್ಥಿತಿಯಲ್ಲಿ ಒಂದು ನಿಮಿಷ, ಸುಮಾರು 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಇಡಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಅರ್ಧ ಗಂಟೆಯ ಮಾತು ಎಲ್ಲಿಯೂ ಇಲ್ಲ. ಕುದಿಸಿದ ನೀರು ಆರೋಗ್ಯಕ್ಕೆ ಹಿತವೆಂಬುದು ನಿಜ. ಆದರೆ ವ್ರತವನ್ನು ಆ ಹಿತದ ಮೇಲೆಯೇ ನಿಲ್ಲಿಸಿದರೆ ಮುಂದೇನು? ನೀರು ಶುದ್ಧೀಕರಿಸುವ ಯಂತ್ರ ಮಾರುವವನು ಬಾಗಿಲಿಗೆ ಬಂದು, ‘ಇದರ ನೀರಿನಲ್ಲಿ ರೋಗಾಣುಗಳಿಲ್ಲ, ಇನ್ನು ಕಾಯಿಸುವ ಶ್ರಮವೇಕೆ?’ ಎಂದು ಕೇಳುತ್ತಾನೆ. ಆರೋಗ್ಯವೊಂದನ್ನೇ ಕಾರಣವೆಂದು ಕೇಳಿ ಬೆಳೆದ ಮಕ್ಕಳಿಗೆ ಅವನಿಗೆ ಕೊಡಲು ಉತ್ತರವಿಲ್ಲ. ಎಷ್ಟೋ ಮನೆಗಳಲ್ಲಿ ಕಾಯಿಸುವ ಕ್ರಮ ನಿಂತುಹೋಗುತ್ತಿರುವುದಕ್ಕೆ ಇದೂ ಒಂದು ಕಾರಣ. ಎರವಲು ತಂದ ಊರುಗೋಲನ್ನು ಯಜಮಾನನು ಹಿಂದಕ್ಕೆ ಕೇಳಿದ ದಿನ ಎರವಲು ತಂದವನು ಬೀಳುತ್ತಾನೆ. ವ್ರತದ ಆಧಾರ ಜೀವದಯೆ ಮತ್ತು ಸಂಯಮ. ಅದನ್ನು ಧೈರ್ಯದಿಂದ ಹಾಗೆಯೇ ಹೇಳಬೇಕು. ವ್ರತವನ್ನು ಆಚರಿಸುವ ವಿಧಾನಕ್ಕೆ ಮಾತ್ರ ಭೌತಶಾಸ್ತ್ರ ಬೇಕು, ಏಕೆಂದರೆ ಕಾಯುವುದು ನೀರು, ಕಾಯಿಸುವುದು ಬೆಂಕಿ.

ಆಡಳಿತ ಸಮಿತಿಗಳು ಕೈಗೊಳ್ಳಬಹುದಾದ ಕ್ರಮಗಳು ಕಷ್ಟದವಲ್ಲ. ನೀರನ್ನು ವಿಧಿಪೂರ್ವಕ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಜಲಮೂಲಕ್ಕೆ ಸೇರಿಸುವುದು ಎಂದಿನಂತೆ ನಡೆಯಲಿ. ಪಾತ್ರೆಗೆ ಮುಚ್ಚಳವಿರಲಿ, ಮುಚ್ಚಳದಿಂದ ನೀರು ಬೇಗ ಕುದಿಯುತ್ತದೆ, ಹಬೆ ಹನಿಯಾಗಿ ಮರಳುತ್ತದೆ, ಹಾರುವ ಸಣ್ಣ ಕೀಟಗಳು ಕುದಿಯುವ ನೀರಿಗೆ ಬಿದ್ದು ಸಾಯುವುದೂ ತಪ್ಪುತ್ತದೆ. ತೆರೆದ ಹಂಡೆಯಲ್ಲಿ ಏಕೇಂದ್ರಿಯಗಳ ವಿಷಯದಲ್ಲಿ ಶುದ್ಧಿ ಸಾಧಿಸಲು ಹೋಗಿ ತ್ರಸ ಜೀವಿಗಳನ್ನು ಬೇಯಿಸುವುದು ಅಹಿಂಸೆಯ ಅಣಕ. ಎಸರು ಹಾಡುವ ಸದ್ದು ಇಳಿದು ಗುಳ್ಳೆಗಳು ಬರುವ ಹೊತ್ತಿಗೆ ಮುಚ್ಚಳವನ್ನು ಅಡುಗೆಯವರು ತಮ್ಮಿಂದ ಆಚೆಗೆ ಓರೆಯಾಗಿ ಎತ್ತಿ ನೋಡಲಿ. ನೀರು ಎಲ್ಲೆಡೆ ಮರಳುತ್ತಿದ್ದರೆ ಉರಿ ತಗ್ಗಿಸಿ, ಕೆಲವು ನಿಮಿಷ ಬಿಟ್ಟು ಆರಿಸಲಿ. ತಗ್ಗಿಸಿದ ಉರಿಯಲ್ಲಿ ಮರಳುವ ನೀರೂ ದೊಡ್ಡ ಉರಿಯಲ್ಲಿ ಮರಳುವ ನೀರೂ ಒಂದೇ ಉಷ್ಣತೆಯವು. ಸೌರ ಜಲತಾಪಕವಿದ್ದಲ್ಲಿ, ಸೋಸಿದ ನೀರನ್ನು ಅದರಲ್ಲಿ 60 ಡಿಗ್ರಿಗೆ ತಂದು ಅನಂತರ ಒಲೆಗೆ ಏರಿಸಿದರೆ, ಮೇಲಿನ ಲೆಕ್ಕದ ಉಷ್ಣದಲ್ಲಿ ಹೆಚ್ಚು ಕಡಿಮೆ ಅರ್ಧ ಉಳಿಯುತ್ತದೆ. ಕುದಿದ ಸಮಯವನ್ನು ಪಾತ್ರೆಯ ಬಳಿ ಬರೆದಿಟ್ಟರೆ ಮರ್ಯಾದೆಯ ಅವಧಿಯಲ್ಲಿ ಸಂದೇಹಕ್ಕೆ ಎಡೆಯಿರದು.

ಗೃಹಿಣಿಯಾಗಲಿ, ಅಡುಗೆಯವನಾಗಲಿ ಇದಕ್ಕಾಗಿ ಗ್ರಂಥ ಓದಬೇಕಾಗಿಲ್ಲ. ಹಬೆಯನ್ನು ನೋಡಬಾರದು, ನೀರನ್ನು ನೋಡಬೇಕು. ನೀರು ಮರಳುವ ಮೊದಲು ಇಳಿಸಬಾರದು, ಮರಳಿದ ಮೇಲೆ ಉರಿಸುತ್ತಲೇ ಇರಬಾರದು. ಇಷ್ಟನ್ನು ಕಲಿಸುವುದು ಒಂದು ಬೆಳಗಿನ ಕೆಲಸ. ಇಷ್ಟನ್ನು ಕಲಿಸದೆ ವೇದಿಕೆಯ ಮೇಲೆ ವಿಜ್ಞಾನದ ಜಯಘೋಷ ಮಾಡುವ ಸಂಸ್ಥೆಗಳು, ತಮ್ಮದೇ ಭೋಜನಶಾಲೆಯ ಹಂಡೆಯತ್ತ ಒಮ್ಮೆ ಹೋಗಿ ನೋಡುವುದು ಲೇಸು.